ಊರು ಮುಟ್ಟದ ಲೈನಿಗೆ ನನ್ನ ಸಹಿ

2008ನೇ ಇಸವಿ. ಹೊಳೆನರಸೀಪುರ ತಾಲ್ಲೂಕಿನ ಕೆಲವು ಸರ್ಕಾರಿ ಟೆಲಿಫೋನ್ ಎಕ್ಸ್‌ಚೇಂಜುಗಳ ಉಸ್ತುವಾರಿ ನನ್ನದಾಗಿತ್ತು. ಹುದ್ದೆಯ ಹೆಸರು ಸಬ್ ಡಿವಿಷನಲ್ ಇಂಜಿನಿಯರ್. ಕೇಳಿದವರಿಗೆ ದೊಡ್ಡ ಅಧಿಕಾರ ಅನ್ನಿಸುತ್ತಿತ್ತು. ನಿಜದಲ್ಲಿ ನೂರು ಮೀಟರ್ ಕೇಬಲ್ ಬೇಕಾದರೂ ಮೇಲಿನವರ ಮುಂದೆ ಕೈಚಾಚಬೇಕಿತ್ತು. ಊರು ನನ್ನದೇ. ದೇವಸ್ಥಾನದ ಬೀದಿಯಲ್ಲಿ ಮನೆ, ತಂದೆ ಅರ್ಚಕರು, ಬಂಧುಗಳೆಲ್ಲ ಮೇಷ್ಟ್ರುಗಳು ಇಲ್ಲವೇ ಗುಮಾಸ್ತರು. ಕಂಬ, ತಂತಿ, ಗುಂಡಿ ಅಂತ ಬಿಸಿಲಲ್ಲಿ ತಿರುಗುವ ಕೆಲಸ ಹಿಡಿದ ಹೆಣ್ಣು ನಮ್ಮ ವಂಶದಲ್ಲಿ ನಾನೊಬ್ಬಳೇ.

ಇಲ್ಲಿ ಬರುವ ಅಧಿಕಾರಿಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೇನೂ ಆಗುವುದಿಲ್ಲ, ನನಗೊಂದು ನೋಟೀಸು ಬರುತ್ತದೆ ಅಷ್ಟೆ. ಕಥೆ ನಡೆದ ಹಳ್ಳಿಯ ನಿಜವಾದ ಹೆಸರನ್ನೂ ಹೇಳುವುದಿಲ್ಲ. ಹಳ್ಳಿಮೈಸೂರು ದಾಟಿ ನಾಲೆ ಏರಿಯ ಮೇಲೆ ಒಳಕ್ಕೆ ಹೋದರೆ ಸಿಗುವ ಒಂದು ಊರು. ಕೆಂಚನಕೊಪ್ಪಲು ಅಂತಿಟ್ಟುಕೊಳ್ಳಿ.

ಈ ಕಥೆ ಅರ್ಥವಾಗಬೇಕಾದರೆ ಹದಿನೈದು ವರ್ಷ ಹಿಂದಕ್ಕೆ ಹೋಗಬೇಕು. 1993ರಲ್ಲಿ ನಾನು ಜೂನಿಯರ್ ಟೆಲಿಕಾಂ ಆಫೀಸರ್ ಆಗಿ ಅರಕಲಗೂಡು ಕಡೆ ಕೆಲಸಕ್ಕೆ ಸೇರಿದೆ. ಆಗ ಊರಿಗೊಂದು ಫೋನ್ ಕೊಡುವ ಕಾಲ. ತಂತಿ ಎಳೆಯಲಾಗದ ಹಳ್ಳಿಗಳಿಗೆ ರೇಡಿಯೋ ಮೂಲಕ ಫೋನ್: ಒಂದು ಕಂಬ, ಅದರ ತುದಿಯಲ್ಲಿ ಆಂಟೆನಾ, ಯಾರಾದರೂ ಮುಖಂಡರ ಮನೆಯಲ್ಲಿ ಒಂದು ಬ್ಯಾಟರಿ ಪೆಟ್ಟಿಗೆ. ಬ್ಯಾಟರಿ ವರ್ಷದೊಳಗೆ ಸಾಯುತ್ತಿತ್ತು. ಆಮೇಲೆ ಮನೆಯ ಹೆಂಗಸರು ಆ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ತಿಂಗಳ ಕೊನೆಗೆ ನಾವು ತುಂಬುವ ನಮೂನೆಯಲ್ಲಿ ಮಾತ್ರ ಆ ಊರು ‘ಫೋನ್ ಇರುವ ಊರು’. ಫೋನ್ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಅದರಲ್ಲಿತ್ತು. ಅದು ಮಾತಾಡುತ್ತದೆಯೇ ಎಂಬ ಪ್ರಶ್ನೆ ಇರಲಿಲ್ಲ. ಹೊಸಬಳಾದ ನನಗೆ ಇದು ಅಸಹ್ಯವಾಗಿತ್ತು. ಮೇಲಿನವರಿಗೆ ಹೇಳಿದೆ. ಅವರು ನಕ್ಕು, ‘ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ’ ಅಂದರು. ಹದಿನೈದು ವರ್ಷದಲ್ಲಿ ನಾನೂ ಹಳೆಯ ಅಗಸಗಿತ್ತಿಯಾದೆ. ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ಕೆಂಚನಕೊಪ್ಪಲಿನ ನಿಂಗರಾಜುವಿಗೆ ಫೋನ್ ಲೈನ್ ಕೊಟ್ಟವಳು ನಾನೇ. 1997ರಲ್ಲಿ ಹೊಳೆನರಸೀಪುರಕ್ಕೆ ವರ್ಗವಾಗಿ ಬಂದ ಹೊಸತು. ಅಂಗವಿಕಲರಿಗೆ ಎಸ್‌ಟಿಡಿ ಬೂತ್ ಕೊಡುವಾಗ ಆದ್ಯತೆ ಇತ್ತು. ನಿಂಗರಾಜುವಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲು ಸ್ವಾಧೀನವಿಲ್ಲ. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಓಡಾಡುತ್ತಿದ್ದ. ಅಣ್ಣತಮ್ಮಂದಿರಿಗೆ ಜಮೀನಿತ್ತು, ಗೇಯುತ್ತಿದ್ದರು. ಇವನಿಗೂ ಪಾಲಿತ್ತು, ಆದರೆ ಗದ್ದೆಗಿಳಿಯಲು ಕಾಲಿರಲಿಲ್ಲ. ಮನೆಯಲ್ಲಿ ಯಾರೂ ಕೂಳಿಗೆ ಕಡಿಮೆ ಮಾಡಿರಲಿಲ್ಲ, ಕೆಲಸಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಬೂತ್ ಬಂದ ಮೇಲೆ ಊರಿಗೆ ಊರೇ ಅವನ ಮುಂದೆ ಸಾಲು ನಿಂತಿತು. ಹಳದಿ ಬೋರ್ಡಿನ ಕೆಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿರುತ್ತಿದ್ದ. ‘ಅಮ್ಮಾವ್ರೇ, ಈಗ ನಮ್ಮಣ್ಣನೂವೆ ನನ್ನ ನಿಂಗರಾಜಪ್ಪ ಅಂತಾನೆ’ ಅಂತ ಒಮ್ಮೆ ಹೇಳಿಕೊಂಡು ನಕ್ಕಿದ್ದ.

ಮೊಬೈಲ್ ಬಂತು, ಬೂತ್ ಮುಗಿಯಿತು. 2007ರ ಹೊತ್ತಿಗೆ ಬೂತಿನಲ್ಲಿ ಫೋನ್ ಮಾಡುವವರಿಗಿಂತ ನೆರಳಿಗೆ ಕೂರುವವರೇ ಹೆಚ್ಚಾಗಿದ್ದರು. ಅದೇ ಹೊತ್ತಿಗೆ ಸರ್ಕಾರದ ಇನ್ನೊಂದು ಇಲಾಖೆ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರ ತೆರೆಯುವ ಯೋಜನೆ ತಂದಿತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಇಂಟರ್ನೆಟ್. ಪಹಣಿ, ಜನನ ಮರಣ ಪತ್ರ, ಪರೀಕ್ಷೆ ಫಲಿತಾಂಶ, ಮಾರುಕಟ್ಟೆ ದರ ಎಲ್ಲವೂ ಊರಲ್ಲೇ. ಕೇಂದ್ರವನ್ನು ಅವರು ಕೊಡುವುದು, ಬ್ರಾಡ್‌ಬ್ಯಾಂಡ್ ಲೈನನ್ನು ನಾವು ಕೊಡುವುದು. ನಿಂಗರಾಜು ಅರ್ಜಿ ಹಾಕಿದ. ಹಾಸನದಲ್ಲಿ ನಡೆದ ತರಬೇತಿಗೆ ಒಂದು ದಿನವೂ ತಪ್ಪದೆ ಹೋದ. ಬಸ್ಸಿನ ಮೆಟ್ಟಿಲ ಮೇಲೆ ಕೈಯೂರಿ ಹತ್ತಿ, ಕೈಯೂರಿ ಇಳಿದು. ಕೇಂದ್ರ ಅವನಿಗೇ ಸಿಕ್ಕಿತು. ಒಂದೇ ಷರತ್ತು: ಉದ್ಘಾಟನೆಯಾದ ಆರು ತಿಂಗಳೊಳಗೆ ಕೇಂದ್ರ ನಡೆಯದಿದ್ದರೆ ರದ್ದು, ಬೇರೆ ಊರಿಗೆ ವರ್ಗ.

ಬ್ರಾಡ್‌ಬ್ಯಾಂಡ್ ಅಂದರೆ ಆಗ ನಮ್ಮಲ್ಲಿ ಹೊಸ ತಂತಿಯೇನೂ ಅಲ್ಲ. ಮಾತು ಹೋಗುವ ಅದೇ ಜೋಡಿ ತಾಮ್ರದ ತಂತಿಯಲ್ಲಿ ಇಂಟರ್ನೆಟ್ಟನ್ನೂ ಕಳಿಸುವ ವಿದ್ಯೆ. ಎಕ್ಸ್‌ಚೇಂಜಿನಲ್ಲಿ ಡಿಸ್‌ಲ್ಯಾಮ್ ಎಂಬ ಯಂತ್ರ, ಗ್ರಾಹಕನ ಮನೆಯಲ್ಲಿ ಮೋಡೆಮ್ ಎಂಬ ಸಣ್ಣ ಪೆಟ್ಟಿಗೆ, ನಡುವೆ ತಂತಿ. ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ. ನಾಲ್ಕು ಕಿಲೋಮೀಟರ್ ದಾಟಿದರೆ ನಂಬಿಕೆ ಇಲ್ಲ. ನೆಲದೊಳಗಿನ ಜಾಯಿಂಟಿಗೆ ನೀರು ನುಗ್ಗಿದ್ದರಂತೂ ಮಾತು ಗೊರಗೊರ ಅಂತಲಾದರೂ ಕೇಳಿಸೀತು, ಇಂಟರ್ನೆಟ್ ಬರಲಾರದು. ನಮ್ಮ ಎಕ್ಸ್‌ಚೇಂಜಿನಿಂದ ಕೆಂಚನಕೊಪ್ಪಲಿಗೆ ಕೇಬಲ್ ಆರು ಕಿಲೋಮೀಟರಿನ ಹತ್ತಿರವಿತ್ತು. ನಾಲೆ ದಾಟುವ ಜಾಗದಲ್ಲಿದ್ದ ಜಾಯಿಂಟು ವರ್ಷದಲ್ಲಿ ಆರು ತಿಂಗಳು ನೀರು ಕುಡಿಯುತ್ತಿತ್ತು.

ಇದಕ್ಕೆ ಪರಿಹಾರ ಇತ್ತು. ನಾಲೆಯ ಹತ್ತಿರ ಕೇಬಲ್ ಬದಲಿಸಿ, ಊರಲ್ಲೇ ಒಂದು ಸಣ್ಣ ಡಿಸ್‌ಲ್ಯಾಮ್ ಕೂರಿಸುವುದು. ನಾನು ಅಂದಾಜು ತಯಾರಿಸಿ ಡಿಸೆಂಬರಿನಲ್ಲೇ ಕಳಿಸಿದೆ. ಜನವರಿಯಲ್ಲಿ ಜ್ಞಾಪನ ಪತ್ರ. ಫೆಬ್ರವರಿಯಲ್ಲಿ ಉತ್ತರ ಬಂತು: ಇರುವ ಗ್ರಾಹಕರು ಮೂರು ಮತ್ತೊಂದು, ಖರ್ಚು ಸಮರ್ಥನೀಯವಲ್ಲ. ಆ ಕಾಗದ ಓದಿ ನನಗೆ ಮೈ ಉರಿದುಹೋಯಿತು. ನಾಲ್ಕು ಗ್ರಾಹಕರಿರುವ ಊರಿಗೆ ಖಾಸಗಿ ಕಂಪನಿಯವನು ತಂತಿ ಎಳೆಯುವುದಿಲ್ಲ, ಅವನನ್ನು ಬೈಯಲಾಗದು; ಅವನು ಅಂಗಡಿ ಇಟ್ಟವನು. ಲಾಭವಿಲ್ಲದ ಊರಿಗೆ ಹೋಗಲಿಕ್ಕೆಂದೇ ಅಲ್ಲವೇ ಸರ್ಕಾರ ಇರುವುದು? ಸರ್ಕಾರವೂ ತಕ್ಕಡಿ ಹಿಡಿದು ಕೂತರೆ ಕೆಂಚನಕೊಪ್ಪಲಿನವರು ಯಾರ ಮನೆ ಬಾಗಿಲು ತಟ್ಟಬೇಕು?

ಖರ್ಚು ಬೇಡ ಅಂದವರು ಊರನ್ನು ಮಾತ್ರ ಪಟ್ಟಿಯಿಂದ ತೆಗೆಯಲಿಲ್ಲ. ಮಾರ್ಚ್ ಮೂವತ್ತೊಂದರೊಳಗೆ ಇಷ್ಟು ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಕೊಟ್ಟೆವೆಂದು ತೋರಿಸಬೇಕಿತ್ತು. ಅದರಲ್ಲಿ ಕೆಂಚನಕೊಪ್ಪಲೂ ಒಂದು.

ಇಲ್ಲಿ ನಮ್ಮವರ ಒಂದು ಅಭ್ಯಾಸ ಹೇಳಬೇಕು. ಎಕ್ಸ್‌ಚೇಂಜಿನೊಳಗೆ ಫ್ರೇಮ್ ಅಂತ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಯಂತ್ರದಿಂದ ಬಂದ ತಂತಿಗಳೂ ಊರುಗಳಿಂದ ಬಂದ ತಂತಿಗಳೂ ಕೂಡುವುದು ಅಲ್ಲಿ. ಹೊಸ ಲೈನನ್ನು ಗ್ರಾಹಕನ ಮನೆಯಲ್ಲಿ ಪರೀಕ್ಷಿಸಿ ಸಹಿ ಹಾಕಬೇಕೆಂಬುದು ನಿಯಮ. ನಮ್ಮವರು ಮಾಡುತ್ತಿದ್ದುದು ಬೇರೆ. ಮೋಡೆಮ್ಮನ್ನು ಫ್ರೇಮಿಗೇ ಸಿಕ್ಕಿಸಿ ನೋಡುವುದು. ಯಂತ್ರ ಒಂದು ಗಜ ದೂರದಲ್ಲಿರುವಾಗ ದೀಪ ಹತ್ತದೆ ಇರುತ್ತದೆಯೇ? ಅಡುಗೆಮನೆಯಲ್ಲೇ ಉಂಡು ಅತಿಥಿಗೆ ಊಟವಾಯಿತು ಅಂದಂತೆ. ‘ಫ್ರೇಮಲ್ಲಿ ಪಾಸ್’ ಅನ್ನುವುದು ನಮ್ಮಲ್ಲಿ ಮಾತಿನ ವಾಡಿಕೆಯೇ ಆಗಿಹೋಗಿತ್ತು. ಆಚೆ ಆರು ಕಿಲೋಮೀಟರಿನಲ್ಲಿ ಏನಾದರೂ ಅದು ‘ಲೈನ್ ಫಾಲ್ಟ್’, ಆಮೇಲೆ ನೋಡಿಕೊಂಡರಾಯಿತು.

ಲೈನ್‌ಮನ್ ರಾಮೇಗೌಡ ಮಾರ್ಚ್ ಮೂವತ್ತೊಂದರಂದು ಕೆಂಚನಕೊಪ್ಪಲಿನ ಲೈನನ್ನೂ ಹೀಗೇ ನೋಡಿ ಫ್ರೇಮಿನ ಹಿಂದಿನಿಂದ ಕೂಗಿದ. ‘ಮೇಡಂ, ಬತ್ತಾ ಅದೆ ಮೇಡಂ, ಪಸಂದಾಗಿ ಬತ್ತಾ ಅದೆ.’

‘ಊರಲ್ಲಿ?’ ಅಂದೆ.

‘ಊರಲ್ಲೆಲ್ ಬತ್ತದೆ ಮೇಡಂ? ನಾಲೆ ತಾವ ನೀರಲ್ವರಾ.’

ನಮೂನೆಯಲ್ಲಿ ಅಚ್ಚು ಮಾಡಿದ ಒಂದು ಸಾಲಿತ್ತು: ಗ್ರಾಹಕರ ತುದಿಯಲ್ಲಿ ಪರೀಕ್ಷಿಸಿ ತೃಪ್ತಿಕರವೆಂದು ದೃಢೀಕರಿಸಲಾಗಿದೆ. ನಾನು ಮೇಲಿನವರಿಗೆ ಫೋನ್ ಮಾಡಿ ಇದಕ್ಕೆ ಸಹಿ ಹಾಕಲಾಗದು ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳ ಆಡಿ ಉಳಿದುಕೊಳ್ಳುತ್ತಿದ್ದೆನೇನೋ. ಸಮಾಧಾನದಿಂದ, ‘ಮೇಡಂ, ಪಟ್ಟಿಯಲ್ಲಿ ಸೇರಲಿ. ಏಪ್ರಿಲ್‌ನಲ್ಲಿ ಹೊಸ ಗ್ರಾಂಟ್ ಬಂದ ತಕ್ಷಣ ನಿಮ್ಮ ಕೇಬಲ್ಲೇ ಮೊದಲು. ಊರಿಗೆ ಒಳ್ಳೆಯದಾಗೋದು ಬೇಡ್ವಾ ನಿಮಗೆ?’ ಅಂದರು. ಊರಿಗೆ ಒಳ್ಳೆಯದಾಗಲಿ ಅಂತ ನಾನು ಸಹಿ ಹಾಕಿದೆ. ಹಾಗಂತ ಅಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಮಾರ್ಚ್ ಕೊನೆಯ ದಿನ ಸಂಜೆ ಆರಕ್ಕೆ ನನಗೂ ಮನೆಗೆ ಹೋಗಬೇಕಿತ್ತು.

ಒಂದು ವಾರದಲ್ಲಿ ಉದ್ಘಾಟನೆ. ಬೂತಿಗೆ ಸುಣ್ಣ ಹೊಡೆದು ಮಾವಿನ ತೋರಣ ಕಟ್ಟಿದ್ದರು. ಗಣ್ಯರು ಬಂದು ಒಂದು ಗುಂಡಿ ಒತ್ತಬೇಕು, ಪರದೆಯ ಮೇಲೆ ಮಾರುಕಟ್ಟೆ ದರದ ಪುಟ ಬರಬೇಕು. ಲೈನ್ ಇಲ್ಲದೆ ಹೇಗೆ ಬಂದೀತು? ಅದಕ್ಕೂ ನಮ್ಮಲ್ಲಿ ಉಪಾಯವಿತ್ತು. ಮೇಲಿನವರ ಸೂಚನೆಯಂತೆ ಹಿಂದಿನ ಶುಕ್ರವಾರವೇ ಆ ಪುಟವನ್ನು ನಮ್ಮ ಕಚೇರಿಯಲ್ಲಿ ತೆರೆದು, ಪೆನ್ ಡ್ರೈವಿಗೆ ಇಳಿಸಿಕೊಂಡು, ನಿಂಗರಾಜುವಿನ ಕಂಪ್ಯೂಟರಿಗೆ ಹಾಕಿದ್ದೆವು. ಹಾಕಿದ್ದೆವು ಏನು, ಹಾಕಿದವಳು ನಾನೇ. ಒತ್ತಿದರೆ ಪುಟ ತಟಕ್ಕನೆ ಬರುತ್ತದೆ. ನಿಜವಾದ ಇಂಟರ್ನೆಟ್ ಕೂಡ ಆ ಕಾಲದಲ್ಲಿ ಅಷ್ಟು ಬೇಗ ಬರುತ್ತಿರಲಿಲ್ಲ.

ನಿಂಗರಾಜು ಮೋಡೆಮ್ಮಿನ ದೀಪವನ್ನೇ ನೋಡುತ್ತಿದ್ದ. ಲೈನ್ ಸಿಕ್ಕರೆ ದೀಪ ನಿಂತು ಉರಿಯಬೇಕು, ಸಿಗದಿದ್ದರೆ ಮಿಟುಕುತ್ತಲೇ ಇರುತ್ತದೆ, ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ. ‘ಅಮ್ಮಾವ್ರೇ, ದೀಪ ಇನ್ನೂ ನಿಂತಿಲ್ವಲ್ಲ?’

‘ಇವತ್ತೊಂದು ದಿನ ಸುಮ್ಮನಿರಪ್ಪ. ಮುಂದಿನ ತಿಂಗಳು ಕೇಬಲ್ ಹಾಕ್ತೀವಿ’ ಅಂದೆ.

‘ಆಗ್ಲಿ ಬುಡಿ, ನೀವು ಏಳಿದ್ ಮ್ಯಾಕೆ’ ಅಂದು ತಾನೇ ಮೌಸನ್ನು ಸರಿಯಾದ ಜಾಗದಲ್ಲಿಟ್ಟುಕೊಟ್ಟ. ಗಣ್ಯರು ಒತ್ತಿದರು. ಆಲೂಗಡ್ಡೆ, ಮೆಣಸಿನಕಾಯಿ, ರಾಗಿ ಎಲ್ಲದರ ದರವೂ ಬಂತು. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಕನ್ನಡಕದ ಯಜಮಾನರೊಬ್ಬರು ಬಗ್ಗಿ ಓದಿ, ‘ಇದು ಸುಕ್ರವಾರದ್ದಲ್ವಾ? ಇವತ್ತು ಬುಧವಾರ ಕಣಪ್ಪಾ’ ಅಂದರು. ‘ಸರ್ವರ್ ಸ್ವಲ್ಪ ಸ್ಲೋ ಇದೆ ಯಜಮಾನ್ರೇ’ ಅಂತ ನಮ್ಮ ಮೇಲಿನವರು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಏಪ್ರಿಲ್ ಕಳೆದು ಮೇ ಬಂತು. ಕೇಬಲ್ ಬರಲಿಲ್ಲ, ಹೊಸ ವರ್ಷದ ಹೊಸ ಗುರಿ ಬಂತು. ಕೆಂಚನಕೊಪ್ಪಲಿನ ಅಂದಾಜನ್ನು ಮತ್ತೆ ಕಳಿಸಿದೆ. ಈ ಸಲ ಉತ್ತರ ಬೇಗ ಬಂತು: ‘ಸದರಿ ಗ್ರಾಮಕ್ಕೆ ಈಗಾಗಲೇ ಬ್ರಾಡ್‌ಬ್ಯಾಂಡ್ ಸಂಪರ್ಕ ಒದಗಿಸಿರುವುದಾಗಿ ತಾವೇ ದೃಢೀಕರಿಸಿರುವುದರಿಂದ ಪ್ರಸ್ತಾವನೆಯನ್ನು ಹಿಂದಿರುಗಿಸಲಾಗಿದೆ.’ ಲೈನ್ ಬರಲಿ ಅಂತ ಹಾಕಿದ ಸಹಿಯೇ ಲೈನಿಗೆ ಅಡ್ಡ ಮಲಗಿತು. ಮೇಲಿನವರಿಗೆ ಫೋನ್ ಮಾಡಿದರೆ, ‘ಏನ್ ಮಾಡೋದು ಮೇಡಂ, ಸಿಸ್ಟಮ್ ಹಾಗಿದೆ’ ಅಂದರು. ಸಿಸ್ಟಮ್ ಅನ್ನುವ ಪ್ರಾಣಿಯನ್ನು ನಾನು ಮೂವತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಕುರ್ಚಿಯಲ್ಲಿ ಕೂತ ಮನುಷ್ಯರನ್ನು ಮಾತ್ರ ಕಂಡಿದ್ದೇನೆ.

ನಿಂಗರಾಜು ದೂರು ಕೊಡುತ್ತಿದ್ದ. ದೂರು ಬಂದಾಗಲೆಲ್ಲ ರಾತ್ರಿ ಪಾಳಿಯೋ ಹಗಲು ಪಾಳಿಯೋ ಯಾರೋ ಒಬ್ಬರು ಫ್ರೇಮಿನಲ್ಲೇ ನೋಡಿ ‘ಟೆಸ್ಟೆಡ್ ಓಕೆ’ ಅಂತ ಬರೆದು ಮುಚ್ಚುತ್ತಿದ್ದರು. ನಾನು ರಾಮೇಗೌಡನನ್ನು ಎರಡು ಬಾರಿ ನಾಲೆ ಹತ್ತಿರ ಕಳಿಸಿದೆ. ಅವನು ಜಾಯಿಂಟ್ ಬಿಚ್ಚಿ, ಒಣಗಿಸಿ, ಕಟ್ಟಿ ಬಂದ. ನಾಲೆಗೆ ನೀರು ಬಿಟ್ಟ ವಾರಕ್ಕೆ ಮತ್ತೆ ಅದೇ ಹಾಡು. ಅದೂ ಅಲ್ಲದೆ ಆರು ಕಿಲೋಮೀಟರನ್ನು ಯಾವ ಜಾಯಿಂಟು ಗಿಡ್ಡ ಮಾಡೀತು? ಆಮೇಲೆ ನಾನೂ ಬೇರೆ ಊರು, ಬೇರೆ ಗುರಿ ಅಂತ ಅತ್ತ ತಲೆ ಹಾಕಲಿಲ್ಲ.

ಅಕ್ಟೋಬರ್ ನಡುವಿನ ಒಂದು ಭಾನುವಾರ ಬೆಳಿಗ್ಗೆ ನಿಂಗರಾಜು ನಮ್ಮ ಮನೆಗೆ ಬಂದ. ಮೂರು ಚಕ್ರದ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಬಸ್ ನಿಲ್ದಾಣದಿಂದ ದೇವಸ್ಥಾನದ ಬೀದಿಯವರೆಗೆ ಕೈಯಲ್ಲಿ ತಿರುಗಿಸಿಕೊಂಡು ಬಂದಿದ್ದ. ಜಗಲಿಯ ಮೇಲೆ ನಮ್ಮ ತಂದೆ ಪೂಜೆ ಮುಗಿಸಿ ಕೂತಿದ್ದರು. ಅವನು ಒಳಗೆ ಬರಲು ಒಪ್ಪಲಿಲ್ಲ. ಕವರಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟ.

ಮಾಹಿತಿ ಕೇಂದ್ರ ನಡೆಸುವ ಇಲಾಖೆಯ ಆದೇಶ. ಕೆಂಚನಕೊಪ್ಪಲು ಕೇಂದ್ರದಲ್ಲಿ ಮಾರ್ಚ್ ಮೂವತ್ತೊಂದರಿಂದಲೂ ಬ್ರಾಡ್‌ಬ್ಯಾಂಡ್ ಸಂಪರ್ಕ ಸುಸ್ಥಿತಿಯಲ್ಲಿರುವುದು ಲಗತ್ತಿಸಿದ ದೃಢೀಕರಣದಿಂದ ತಿಳಿದುಬರುತ್ತದೆ. ಆದಾಗ್ಯೂ ಆರು ತಿಂಗಳಲ್ಲಿ ಕೇಂದ್ರದಿಂದ ಒಂದು ಪಹಣಿಯೂ ವಿತರಣೆಯಾಗಿಲ್ಲ. ನಿರ್ವಾಹಕರ ತೀವ್ರ ನಿರ್ಲಕ್ಷ್ಯವೇ ಇದಕ್ಕೆ ಕಾರಣವೆಂದು ಪರಿಗಣಿಸಿ ಕೇಂದ್ರವನ್ನು ರದ್ದುಪಡಿಸಲಾಗಿದೆ. ಹಿಂದಿನ ಹಾಳೆಯಲ್ಲಿ ನನ್ನ ಸಹಿ, ನನ್ನ ಮೊಹರು. ನಾನು ಸಾಮಾನ್ಯವಾಗಿ ಗೀಚುತ್ತೇನೆ. ಅದೊಂದು ಸಹಿ ಮಾತ್ರ ಬಹಳ ಸ್ಪಷ್ಟವಾಗಿ ಬಿದ್ದಿತ್ತು.

‘ಅಮ್ಮಾವ್ರೇ, ಈ ಸೈನು ನಿಮ್ದೇಯಾ?’ ಅಂದ.

‘ನಂದೇ ನಿಂಗರಾಜು.’

ಸ್ವಲ್ಪ ಹೊತ್ತು ಕಾಗದ ನೋಡಿದ. ‘ಅಂಗಾದ್ರೆ ತಪ್ಪು ನಂದೇ ಇರ್ಬೇಕು ಬುಡಿ’ ಅಂದ.

ವ್ಯಂಗ್ಯವಾಗಿ ಅಂದನೋ, ನಿಜವಾಗಿಯೂ ನನ್ನ ಸಹಿಯನ್ನು ತನ್ನ ಕಣ್ಣಿಗಿಂತ ಹೆಚ್ಚು ನಂಬಿ ಅಂದನೋ ನನಗೆ ಗೊತ್ತಾಗಲಿಲ್ಲ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅವನು ಕೇಳಿದ್ದು ಒಂದೇ. ‘ಕೇಂದ್ರ ಓದ್ರೆ ಓಗ್ಲಿ ಅಮ್ಮಾವ್ರೇ. ನಿರ್ಲಕ್ಸ್ಯ ಅಂತ ಬರ್ದವ್ರಲ್ಲ, ಅದೊಂದ ಅಳುಸ್ಕೊಡಿ. ನಮ್ಮೂರ್ನೋರೆಲ್ಲ ಓದವ್ರೆ. ಕುಂಟನ ಕೈಲಿ ಏನಾದದು ಅಂತ ಮೊದ್ಲೇ ಅಂತಿದ್ರು, ಈಗ ಸರ್ಕಾರವೇ ಬರ್ಕೊಟ್ಟಂಗಾಯ್ತು.’

ಅವನು ಹೋದ ಮೇಲೆ ತಂದೆ ವಿಚಾರಿಸಿದರು. ಎಂಬತ್ತು ದಾಟಿದ್ದರು, ಕಿವಿ ಮಾತ್ರ ಚುರುಕು. ಎಲ್ಲವನ್ನೂ ಹೇಳಿದೆ. ಹೇಳುತ್ತಾ ನನ್ನ ಪರವಾಗಿ ನಾನೇ ವಕಾಲತ್ತನ್ನೂ ಹಾಕಿಕೊಂಡೆ. ‘ಎಲ್ಲ ಕಡೆ ಹೀಗೇ ನಡೆಯೋದಪ್ಪ. ಇಲ್ಲದ್ದಕ್ಕೆ ಏನೋ ಒಂದು ಇಟ್ಟು ಪೂರೈಸೋದು. ನೀವು ಪೂಜೆಯಲ್ಲಿ ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ ಅನ್ನೋದಿಲ್ವಾ, ಹಾಗೇ ಇದೂ.’

ದೇವರಿಗೆ ಉಡಿಸಲು ವಸ್ತ್ರ ಇಲ್ಲದಾಗ ಅದರ ಬದಲಿಗೆ ನಾಲ್ಕು ಕಾಳು ಅಕ್ಷತೆ ಹಾಕುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ತಂದೆ ಹೇಳಿದರು.

‘ಅಕ್ಷತೆ ಹಾಕ್ತೀನಿ ನಿಜ. ಆದರೆ ಬಾಯಿಬಿಟ್ಟು ಹೇಳಿ ಹಾಕ್ತೀನಿ ಕಣೇ, ವಸ್ತ್ರದ ಬದಲು ಅಕ್ಷತೆ ಅಂತ. ವಸ್ತ್ರ ಇಲ್ಲ ಅನ್ನೋದು ಅವನಿಗೂ ಗೊತ್ತು, ನನಗೂ ಗೊತ್ತು, ಕೂತವರಿಗೂ ಗೊತ್ತು. ರೇಷ್ಮೆ ಪಂಚೆ ಉಡಿಸಿದೀನಿ ಅಂತ ಬರೆದಿಟ್ಟು, ಆಮೇಲೆ ಯಾಕಪ್ಪಾ ಬರಿ ಮೈಯಲ್ಲಿದೀಯ ಅಂತ ದೇವರನ್ನೇ ಗದರಿಸ್ತೀನಾ?’

ಅಷ್ಟೇ ಹೇಳಿ ಅವರು ಎದ್ದು ಒಳಗೆ ಹೋದರು.

ಸೋಮವಾರ ಲೈನ್ ಪರೀಕ್ಷಿಸುವ ಮೀಟರ್ ತೆಗೆದುಕೊಂಡು ರಾಮೇಗೌಡನ ಜೊತೆ ಕೆಂಚನಕೊಪ್ಪಲಿಗೆ ಹೋದೆ. ಮಾರ್ಚಿನಲ್ಲಿ ಮಾಡಬೇಕಿದ್ದ ಪರೀಕ್ಷೆಯನ್ನು ಅಕ್ಟೋಬರಿನಲ್ಲಿ ಮಾಡಿದೆ, ನಿಂಗರಾಜುವಿನ ಮೇಜಿನ ಮೇಲೆ, ಅವನ ಕಣ್ಣೆದುರಿಗೆ. ಸಿಗ್ನಲ್ ಸೊನ್ನೆ. ಅದರ ಪಕ್ಕದಲ್ಲೇ ಕಂಪ್ಯೂಟರ್ ಪರದೆಯ ಮೇಲೆ ಆಲೂಗಡ್ಡೆ ದರದ ಆ ಪುಟ ತೆರೆದಿತ್ತು. ಉದ್ಘಾಟನೆಗೆ ಮುಂಚಿನ ಶುಕ್ರವಾರದ್ದೇ.

‘ಇದನ್ಯಾಕೆ ಇನ್ನೂ ಇಟ್ಕೊಂಡಿದೀಯಪ್ಪ?’ ಅಂದೆ.

‘ಊರೋರು ಇಂಟರ್ನೆಟ್ ತೋರ್ಸ್ಲಾ ಅಂತಾರೆ ಅಮ್ಮಾವ್ರೇ. ಇದ ಬುಟ್ರೆ ಇನ್ನೇನದೆ ತೋರ್ಸಕ್ಕೆ?’

ಇನ್ನೊಂದು ವಿಷಯ ಅಲ್ಲಿ ತಿಳಿಯಿತು. ಆರು ತಿಂಗಳು ಅವನು ಸುಮ್ಮನೆ ಕೂತಿರಲಿಲ್ಲ. ಊರವರಿಗೆ ಪಹಣಿ ಬೇಕಾದಾಗ ಸರ್ವೆ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವಾರಕ್ಕೊಮ್ಮೆ ಹೊಳೆನರಸೀಪುರಕ್ಕೆ ತಾನೇ ಬಸ್ಸಿನಲ್ಲಿ ಬಂದು, ತಾಲ್ಲೂಕು ಕಚೇರಿಯ ಸಾಲಿನಲ್ಲಿ ಕೂತು, ಎಲ್ಲರ ಪಹಣಿ ತೆಗೆಸಿಕೊಂಡು ಹೋಗಿ ಹಂಚುತ್ತಿದ್ದ. ನೋಟ್‌ಬುಕ್ ಮುಕ್ಕಾಲು ತುಂಬಿತ್ತು. ನಾವು ಎಳೆಯದ ಆರು ಕಿಲೋಮೀಟರ್ ತಂತಿಯ ಕೆಲಸವನ್ನು ಕಾಲಿಲ್ಲದ ಮನುಷ್ಯನೊಬ್ಬ ಮಾಡಿದ್ದ. ಅವನ ಮೇಲೆ ಬರೆದದ್ದು ತೀವ್ರ ನಿರ್ಲಕ್ಷ್ಯ. ರಾಮೇಗೌಡ ಆ ನೋಟ್‌ಬುಕ್ ನೋಡಿ, ‘ಥೂ, ನಮ್ ಜಲ್ಮಕ್ಕಿಷ್ಟು’ ಅಂದು ಹೊರಗೆದ್ದು ಹೋದ.

ಕಚೇರಿಗೆ ವಾಪಸಾಗಿ ಪತ್ರ ಬರೆದೆ. ಮಾರ್ಚ್ ಮೂವತ್ತೊಂದರ ದೃಢೀಕರಣ ಸುಳ್ಳು. ಪರೀಕ್ಷೆ ನಡೆದದ್ದು ಎಕ್ಸ್‌ಚೇಂಜಿನ ಫ್ರೇಮಿನಲ್ಲಿ, ಗ್ರಾಹಕರ ತುದಿಯಲ್ಲಿ ಅಲ್ಲ. ಅಲ್ಲಿ ಒಂದು ದಿನವೂ ಸಂಪರ್ಕವಿರಲಿಲ್ಲ. ಸಹಿ ನನ್ನದು, ಹೊಣೆ ನನ್ನದು. ನಿರ್ವಾಹಕರ ತಪ್ಪು ಲವಲೇಶವೂ ಇಲ್ಲ. ಜೊತೆಗೆ ನಿಂಗರಾಜುವಿನ ನೋಟ್‌ಬುಕ್ಕಿನ ಹಾಳೆಗಳ ಜೆರಾಕ್ಸ್ ಇಟ್ಟೆ. ಒಂದು ಪ್ರತಿ ನಮ್ಮ ಮೇಲಿನ ಕಚೇರಿಗೆ, ಒಂದು ಪ್ರತಿ ಆ ಇಲಾಖೆಗೆ. ಇಲಾಖಾ ವಿಚಾರಣೆ, ಅಮಾನತು ಎಲ್ಲವೂ ಕಣ್ಣ ಮುಂದೆ ಬಂದವು.

ನಾಲ್ಕನೇ ದಿನ ಮೇಲಿನವರ ಫೋನ್ ಬಂತು. ಈ ಸಲ ಸಮಾಧಾನ ಇರಲಿಲ್ಲ. ‘ತಲೆ ಕೆಟ್ಟಿದೆಯೇನ್ರೀ ನಿಮಗೆ? ಈ ಒಂದು ಊರು ಸುಳ್ಳು ಅಂದ್ರೆ ಪಟ್ಟಿಯಲ್ಲಿರೋ ಊರೆಲ್ಲ ಸುಳ್ಳು ಅಂತಾರೆ.’

‘ನೋಡಿದರೆ ಗೊತ್ತಾಗುತ್ತೆ ಸರ್. ನೋಡೋಣ’ ಅಂದೆ. ಆ ಕಡೆ ಫೋನ್ ಇಟ್ಟರು.

ವಿಚಾರಣೆ ನಡೆಯಲಿಲ್ಲ. ಅಮಾನತೂ ಆಗಲಿಲ್ಲ. ಒಂದು ಮೆಮೋ ಕೂಡ ಬರಲಿಲ್ಲ. ಮೊದಮೊದಲು ಬಚಾವಾದೆ ಅಂದುಕೊಂಡೆ. ಆಮೇಲೆ ಅರ್ಥವಾಯಿತು: ನನ್ನನ್ನು ಶಿಕ್ಷಿಸಬೇಕಾದರೆ ದೃಢೀಕರಣ ಸುಳ್ಳೆಂದು ಒಪ್ಪಬೇಕು, ಒಪ್ಪಿದರೆ ಪಟ್ಟಿಯಿಂದ ಒಂದು ಊರು ಕಡಿಮೆಯಾಗುತ್ತದೆ. ಹಾಗಾಗಿ ಅಪರಾಧಿಯೇ ಬಂದು ಒಪ್ಪಿಕೊಂಡರೂ ಅಪರಾಧ ಆಗಿರಲೇ ಇಲ್ಲ. ನನ್ನ ಪತ್ರವನ್ನು ಕಡತಕ್ಕೆ ಸೇರಿಸಿ, ಆಡಳಿತದ ಹಿತದೃಷ್ಟಿಯಿಂದ ನನ್ನನ್ನು ಚನ್ನರಾಯಪಟ್ಟಣ ತಾಲ್ಲೂಕಿಗೆ ವರ್ಗ ಮಾಡಿದರು.

ಹೋಗುವ ಮುಂಚೆ ಆ ಇನ್ನೊಂದು ಇಲಾಖೆಯ ಮೆಟ್ಟಿಲು ಎಷ್ಟು ಸಲ ಹತ್ತಿದೆನೋ ಲೆಕ್ಕವಿಲ್ಲ. ಕೊನೆಗೆ ಒಂದು ತಿದ್ದುಪಡಿ ಆದೇಶ ಸಿಕ್ಕಿತು. ಅಷ್ಟರಲ್ಲಿ ಕಂಪ್ಯೂಟರನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು, ಕೇಂದ್ರ ಬೇರೆ ಊರಿಗೆ ಹೋಗಿತ್ತು. ಆದೇಶವನ್ನು ನಾನೇ ಕೆಂಚನಕೊಪ್ಪಲಿಗೆ ಕೊಂಡುಹೋದೆ. ನಿಂಗರಾಜು ಖಾಲಿ ಮೇಜಿನ ಹಿಂದೆ ಕೂತಿದ್ದ. ಅಂಗಿಗೆ ಇಸ್ತ್ರಿ ಇತ್ತು. ಕಾಗದವನ್ನು ಎರಡು ಸಲ ಓದಿದ. ‘ನಿರ್ವಾಹಕರ ತೀವ್ರ ನಿರ್ಲಕ್ಷ್ಯ’ ಇದ್ದ ಜಾಗದಲ್ಲಿ ‘ತಾಂತ್ರಿಕ ಕಾರಣಗಳಿಂದ’ ಅಂತಿತ್ತು.

‘ನಂದಲ್ಲ ಅಂತಾಯ್ತು’ ಅಂದ. ಆಮೇಲೆ ಕಾಗದವನ್ನು ಮಗುಚಿ ಹಿಂದೆಯೂ ನೋಡಿ ಕೇಳಿದ. ‘ಅಂಗಾದ್ರೆ ಯಾರ್ದು ತಪ್ಪು ಅಂತ ಎಲ್ಲೂ ಬರ್ದೇ ಇಲ್ವಲ್ಲ ಅಮ್ಮಾವ್ರೇ?’

‘ನಂದು ಅಂತ ನಾನೇ ಬರೆದುಕೊಟ್ಟಿದ್ದೆ. ಅದನ್ನ ಅವರು ತಗೊಳ್ಳಲಿಲ್ಲ’ ಅಂದೆ.

ಅವನು ನನ್ನ ಮುಖ ನೋಡಿದ. ಆದೇಶವನ್ನು ಮಡಿಸಿ ಕವರಿಗೆ ಹಾಕಿ, ‘ಕಾಫಿ ಕುಡ್ಕೊಂಡೋಗಿ’ ಅಂದ. ಕುಡಿದೆ. ಅಷ್ಟೇ ನಡೆದದ್ದು. ಕ್ಷಮಿಸಿದೆ ಅಂತ ಅವನು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಕೆಂಚನಕೊಪ್ಪಲು ಪಟ್ಟಿಯಲ್ಲಿ ಹಾಗೇ ಉಳಿಯಿತು. ಮುಂದೆ ಸಂಪರ್ಕವಿಲ್ಲದ ಹಳ್ಳಿಗಳಿಗಾಗಿ ಇನ್ನೊಂದು ಯೋಜನೆ ಬಂದಾಗ, ಆಗಲೇ ಸಂಪರ್ಕವಿರುವ ಊರೆಂದು ಅದನ್ನು ಕೈಬಿಟ್ಟರು.

ಕಲಿತ ಪಾಠವನ್ನು ನಾನು ಚನ್ನರಾಯಪಟ್ಟಣದಲ್ಲಿ ಪಾಲಿಸಿದೆ. ಲೈನಿನ ತುದಿಗೆ ಹೋಗಿ ನಿಲ್ಲದೆ ಸಹಿ ಹಾಕುವುದಿಲ್ಲ ಅಂದೆ. ಗುರಿ ಮುಟ್ಟದವರ ಪಟ್ಟಿಯಲ್ಲಿ ನನ್ನ ಹೆಸರು ಪ್ರತಿ ಸಭೆಯಲ್ಲೂ ಮೊದಲಿರುತ್ತಿತ್ತು, ಬೈಗುಳವೂ ಮೊದಲ ಕಂತಿನಲ್ಲೇ ಸಿಗುತ್ತಿತ್ತು. ಎಷ್ಟೋ ಊರುಗಳ ಎದುರಿಗೆ ‘ಇಲ್ಲ’ ಅಂತಲೇ ಬರೆದೆ. ಸರ್ಕಾರದ ಹೊಣೆ ಅನ್ನುವುದು ದೊಡ್ಡ ಮಾತು. ನನ್ನ ಮಟ್ಟಿಗೆ ಅದು ಇಲ್ಲದ್ದನ್ನು ಇಲ್ಲ ಅನ್ನುವುದರಿಂದ ಶುರುವಾಗುತ್ತದೆ. ಇಲ್ಲ ಅಂತ ಬರೆದ ಊರಿಗೆ ಎಂದಾದರೂ ಲೈನ್ ಬಂದೀತು. ಇದೆ ಅಂತ ಬರೆದ ಊರಿಗೆ ಎಂದಿಗೂ ಬರುವುದಿಲ್ಲ.

2009ರ ಕೊನೆಯಲ್ಲಿ ದಂಡಿಗನಹಳ್ಳಿ ಹೋಬಳಿಯ ಒಂದು ಹಳ್ಳಿಗೆ, ಒಂದು ವರ್ಷ ಕಾಗದ ಬರೆದು ಬರೆದು, ಕೇಬಲ್ ಹಾಕಿಸಿದೆ. ಊರಿನ ಕೊನೆಯ ಮನೆಯಲ್ಲಿ ಮೋಡೆಮ್ ಇಟ್ಟು ಕೂತೆವು. ದೀಪ ಮಿಟುಕಿ ಮಿಟುಕಿ ನಿಂತಿತು. ಮಾರುಕಟ್ಟೆ ದರದ ಪುಟ ನಿಧಾನಕ್ಕೆ, ಮೇಲಿನಿಂದ ಕೆಳಕ್ಕೆ ಬಿಡಿಸಿಕೊಂಡಿತು. ಮನೆಯವರು ಆಲೂಗಡ್ಡೆ ಎಷ್ಟು, ರಾಗಿ ಎಷ್ಟು ಅಂತ ಬಗ್ಗಿ ನೋಡುತ್ತಿದ್ದರು. ನಾನು ದರ ನೋಡಲಿಲ್ಲ. ಮೇಲೆ ಬರೆದಿದ್ದ ತಾರೀಖು ನೋಡಿದೆ, ಗೋಡೆಯ ಕ್ಯಾಲೆಂಡರ್ ನೋಡಿದೆ, ಆಮೇಲೆ ಪೆನ್ನು ತೆಗೆದೆ.